ಸತ್ತವರ ವಿಳಾಸಕ್ಕೆ ಬಂದ ಮಾತು

"ಸತ್ತವರಿಗೆ ಇಷ್ಟೊಂದು ಭರವಸೆ ಯಾಕೆ ಕೊಡ್ತಾರಪ್ಪಾ?"

ಫಿಂಟನ್ ಕೇಳಿದ್ದು ನನ್ನನ್ನಲ್ಲ. ನಾನು ಅವನಿಗೆ ಬೆನ್ನು ಹಾಕಿ ಕೆಟಲಿಗೆ ನೀರು ತುಂಬುತ್ತಿದ್ದೆ. ಅವನು ಊಟದ ಮೇಜಿನ ಮೇಲೆ ಹರಡಿದ್ದ ಲಕೋಟೆಗಳನ್ನು ನೋಡುತ್ತಾ ಗಾಳಿಗೆ ಕೇಳಿದ. ನೂರ ಹನ್ನೆರಡು ಲಕೋಟೆ. ಒಂದನ್ನೂ ಯಾರೂ ಒಡೆದಿರಲಿಲ್ಲ. ಒಂದೊಂದರ ಮೇಲೂ ಗೋರಿಗಲ್ಲು ಸೇರಿದ ಹೆಸರೊಂದು ಅಚ್ಚಾಗಿತ್ತು.

ಫಿಂಟನ್ ನನ್ನ ಅಣ್ಣ. ಮೂವತ್ತೆಂಟು ವರ್ಷ ನಮ್ಮೂರು ಕ್ಲೂನ್‌ಕಾರಾದಲ್ಲಿ ಅಂಚೆ ಹಂಚಿದವನು. ಚುನಾವಣೆ ಬಂತೆಂದರೆ ಪ್ರತಿ ಅಭ್ಯರ್ಥಿಯೂ ಮತದಾರರ ಪಟ್ಟಿಯ ಪ್ರತಿ ಹೆಸರಿಗೂ ಒಂದು ಕಾಗದವನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸಬಹುದು. ಆದರೆ ಪಟ್ಟಿ ಯಾವಾಗಲೂ ಸಾವಿಗಿಂತ ಒಂದು ವರ್ಷ ಹಿಂದೆಯೇ ನಡೆಯುತ್ತದೆ. ಹೀಗಾಗಿ ಸತ್ತವರಿಗೂ ಕಾಗದ ಬರುತ್ತಿತ್ತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಿಸೆಸ್ ಕುಸಾಕ್ ಮನೆ ಬಾಗಿಲಲ್ಲಿ ಅವಳ ಗಂಡನ ಹೆಸರಿನ ನಾಲ್ಕು ಲಕೋಟೆ ಕೊಟ್ಟನಂತೆ. ಗಂಡನನ್ನು ಮಣ್ಣು ಮಾಡಿ ಆರು ವಾರವಾಗಿತ್ತು. ಆಕೆ ಲಕೋಟೆಗಳನ್ನು ಎದೆಗೊತ್ತಿಕೊಂಡು ಹೊಸಿಲ ಮೇಲೆಯೇ ಕುಸಿದಳು. ಅಂದಿನಿಂದ ಅವನು ಅಂಥವನ್ನು ಹಂಚಲಿಲ್ಲ. ಅಂಚೆಮನೆಯಲ್ಲಿ ಅವು ಸುಡುವ ಚೀಲಕ್ಕೆ ಹೋಗಬೇಕಿತ್ತು. "ಸುಡೋದನ್ನ ನೀನು ಇಟ್ಕೊಂಡ್ರೆ ನನಗೇನಯ್ಯಾ ನಷ್ಟ?" ಎಂದರಂತೆ ಪೋಸ್ಟ್‌ಮಾಸ್ಟರ್. ಇವನು ಮನೆಗೆ ತಂದು ಕ್ರಿಸ್‌ಮಸ್ ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ತುಂಬಿಟ್ಟ.

ಅವನ ಸಂಗ್ರಹ ಶುರುವಾದದ್ದು ಹಾಗೆ. ಆಮೇಲೆ ಊರಿನವರೇ ತಂದುಕೊಡತೊಡಗಿದರು. ಎದೆಗೆ ಚುಚ್ಚುವ ಬಿಲ್ಲೆಗಳು, ರಿಬ್ಬನ್ನಿನ ಹೂಗಳು, ಅಭ್ಯರ್ಥಿಯ ಹೆಸರು ಕೊರೆದ ಬಾಚಣಿಗೆ, ಬೆಂಕಿಪೊಟ್ಟಣ, ದೀಪದ ಕಂಬದಿಂದ ಬಿಚ್ಚಿದ ಆಳೆತ್ತರದ ಮುಖಗಳು. ಎಣಿಕೆಯ ದಿನ ಕಟಕಟೆಗೆ ಎದೆ ಆನಿಸಿ ನಿಂತು, ಪೆಟ್ಟಿಗೆಯಿಂದ ಬೀಳುವ ಒಂದೊಂದು ಮತಪತ್ರವನ್ನೂ ಕಣ್ಣಲ್ಲೇ ಹಿಡಿದು ಯಾರಿಗೆ ಎಷ್ಟೆಂದು ಪೆನ್ಸಿಲಿನಲ್ಲಿ ಗೀಟೆಳೆಯುವ ಪಕ್ಷದ ಗಂಡಸರ ಲೆಕ್ಕದ ಹಾಳೆಗಳು. ಪ್ರತಿಯೊಂದರ ಮೂಲೆಯಲ್ಲೂ ಫಿಂಟನ್ ತಾರೀಖು ಬರೆಯುತ್ತಿದ್ದ. ಲಕೋಟೆಗಳನ್ನು ಮಾತ್ರ ಎಂದೂ ಒಡೆಯಲಿಲ್ಲ. ಬೇರೆಯವರ ಹೆಸರಿನ ಲಕೋಟೆಯನ್ನು ಅಂಚೆಯವನು ಒಡೆಯಬಾರದು, ಆ ಹೆಸರಿನವರು ಮಣ್ಣಿನಡಿಯಲ್ಲಿದ್ದರೂ ಸರಿ.

ಈಗ ಒಡೆಯಲೇಬೇಕಾಗಿ ಬಂದಿತ್ತು. ನಮ್ಮೂರ ಗ್ರಂಥಾಲಯದ ಎಮರ್ ಎಂಬ ಹುಡುಗಿ ಫಿಂಟನ್‌ನ ಸಂಗ್ರಹವನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಪ್ರದರ್ಶನ ಮಾಡುತ್ತೇನೆಂದಿದ್ದಳು. ಮುಂದಿನ ಶುಕ್ರವಾರ ಉದ್ಘಾಟನೆ. ಉದ್ಘಾಟಿಸುವವಳು ಊನಾ ಟಾರ್ಪಿ. ಅವಳಪ್ಪ ಇಗ್ನೇಷಿಯಸ್ ಟಾರ್ಪಿ ಮೂವತ್ತು ವರ್ಷ ನಮ್ಮನ್ನು ಸಂಸತ್ತಿನಲ್ಲಿ ಪ್ರತಿನಿಧಿಸಿ, ಹೋದ ವರ್ಷ ತೀರಿಕೊಂಡಿದ್ದ. ಈಗ ಮಗಳು ಅದೇ ಕುರ್ಚಿಗೆ ನಿಂತಿದ್ದಳು. ಮತದಾನಕ್ಕೆ ಇನ್ನು ಮೂರು ವಾರ. ನಡುಮಧ್ಯದ ಪೆಟ್ಟಿಗೆ ಪೂರ್ತಿ ಅವಳಪ್ಪನಿಗೇ ಮೀಸಲು. ಅದರ ಮೇಲಿನ ಫಲಕವನ್ನು ಅವಳ ಕಚೇರಿಯವರೇ ಬರೆಸಿ ಕಳಿಸಿದ್ದರು: ನಮ್ಮ ಹೆರಿಗೆ ವಾರ್ಡಿಗಾಗಿ ಕೊನೆಯವರೆಗೂ ಹೋರಾಡಿದವರು.

"ನಾನಂತೂ ಒಡೆಯಲ್ಲ," ಎಂದ ಫಿಂಟನ್. "ನೀನು ಒಡಿ, ಡಿಂಪ್ನಾ. ನೀನು ಅಂಚೆಯವಳಲ್ಲ."

"ಪಾಪ ನನ್ನ ತಲೆಗೆ ಕಟ್ತಿದ್ದೀಯಾ?"

"ದಿನಾ ಚರ್ಚಿನಲ್ಲಿ ಇರ್ತೀಯಲ್ಲ. ಬೇಗ ಕಳಕೊಳ್ತೀಯ."

ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಮೇಣದಬತ್ತಿ ಹಚ್ಚುವುದು ನನ್ನ ಕೆಲಸ; ಅವನು ಚುಚ್ಚಿದ್ದು ಅದಕ್ಕೆ. ನಾನು ಬೆಣ್ಣೆ ಹಚ್ಚುವ ಚಾಕು ತೆಗೆದುಕೊಂಡು ಕೂತೆ. ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ, ನಿತ್ಯ ವಿಶ್ರಾಂತಿಯ ಪ್ರಾರ್ಥನೆ ಹೇಳಿ, ಆಮೇಲೆ ಲಕೋಟೆ ಸೀಳಿದೆ. ಒಳಗಿನಿಂದ ರಸ್ತೆಗಳು ಬಂದವು, ಕಾರ್ಖಾನೆಗಳು ಬಂದವು, ಹೊಳೆಗೆ ಸೇತುವೆ ಮೂರು ಸಲ ಬಂತು. ಪ್ರತಿ ಸಲವೂ ಫಿಂಟನ್ ನಗುತ್ತಿದ್ದ. ನಾನೂ ನಕ್ಕೆ, ಸುಳ್ಳೇಕೆ.

ಎಪ್ಪತ್ತನೆಯದೋ ಏನೋ, ಸ್ವಲ್ಪ ಹಳದಿ ತಿರುಗಿದ ಲಕೋಟೆ. ಹೆಸರು ಓದಿದೆ: "ಮಿಸೆಸ್ ಹೊನೋರಾ ಗಿಲ್‌ರಾಯ್, ಡ್ರಮ್‌ರೀ."

ಫಿಂಟನ್ ನಗು ನಿಲ್ಲಿಸಿದ. ಅದು ಅವನ ಅತ್ತೆಯ ಹೆಸರು. ನನ್ನ ಅತ್ತಿಗೆ ಕಾರ್ಮೆಲಳ ತಾಯಿ.

"ಇದು ನಮ್ಮೂರ ಅಂಚೆಯಲ್ವಲ್ಲ?" ಎಂದೆ.

"ಡ್ರಮ್‌ರೀ ಅಂಚೆಯವನು ವಿಂಗಡಣೆ ಕೋಣೆಯಲ್ಲಿ ನನ್ನ ಕೈಗೆ ಕೊಟ್ಟಿದ್ದ. ನಿನ್ನ ಅತ್ತೆಯದು, ಮನೇಲಿ ಕೊಟ್ಬಿಡು ಅಂದ. ಅವರು ತೀರಿಹೋಗಿ ಎರಡು ತಿಂಗಳಾಗಿತ್ತು. ಕಾರ್ಮೆಲ್ ದಿನಾ ಅಳ್ತಿದ್ಳು. ಅವಳಿಗೆ ತೋರಿಸೋಕೆ ಮನಸ್ಸು ಬರಲಿಲ್ಲ. ಡಬ್ಬಿಗೆ ಹಾಕ್ದೆ."

ಪ್ರಾರ್ಥನೆ ಹೇಳಿ ಸೀಳಿದೆ. ಇಗ್ನೇಷಿಯಸ್ ಟಾರ್ಪಿಯ ಮುಖ, ಪಟ್ಟೆಪಟ್ಟೆಯ ಟೈ. ಸಾವಿರದ ಒಂಬೈನೂರ ಎಂಬತ್ತೆರಡನೆಯ ನವೆಂಬರಿನ ಚುನಾವಣೆ. ಈ ಹಾಳೆಯನ್ನು ನಾನು ಆಗಲೇ ನೋಡಿದ್ದೆ. ನಮ್ಮೂರಿಗೆ ಬಂದದ್ದು ಮೇಜಿನ ಆ ಬದಿಯಲ್ಲೇ ಇತ್ತು. ಅದೇ ಮುಖ, ಅದೇ ಟೈ, ಕೆಳಗೆ ಅದೇ ಸಹಿ. ನಡುವಿನ ದಪ್ಪಕ್ಷರದ ಸಾಲು ಮಾತ್ರ ಬೇರೆ.

ನಮ್ಮೂರಿನ ಹಾಳೆ ಹೇಳುತ್ತಿತ್ತು: ಹೆರಿಗೆ ವಾರ್ಡು ಕ್ಲೂನ್‌ಕಾರಾದಲ್ಲೇ ಉಳಿಯುತ್ತದೆ. ಇದು ನನ್ನ ಮಾತು.

ಹೊನೋರಾ ಗಿಲ್‌ರಾಯ್‌ಗೆ ಬಂದ ಹಾಳೆ ಹೇಳುತ್ತಿತ್ತು: ಹೆರಿಗೆ ವಾರ್ಡು ಡ್ರಮ್‌ರೀಗೆ ಬರುತ್ತದೆ. ಇದು ನನ್ನ ಮಾತು.

ಎರಡನೇ ಸಲ ಇಟ್ಟಿದ್ದ ಕೆಟಲು ಕೂಗಿತು. ಇಬ್ಬರೂ ಏಳಲಿಲ್ಲ.

ನಮ್ಮ ಅಪ್ಪ ಚಳಿಗಾಲದಲ್ಲಿ ಒಲೆಯ ಮುಂದೆ ಕೂತು ಹಳೆಯ ಪದ್ಯಗಳನ್ನು ನೂರಾರು ಸಾಲು ಬಾಯಿಪಾಠ ಒಪ್ಪಿಸುತ್ತಿದ್ದ. ಅದನ್ನು ಕೇಳಿ ಬೆಳೆದವಳಿಗೆ ಕಿವಿಗೆ ಬಿದ್ದ ಮಾತು ಬಿದ್ದ ಹಾಗೆಯೇ ಉಳಿಯುತ್ತದೆ. ಒಮ್ಮೊಮ್ಮೆ ಅದು ವರ. ಆ ಹಾಳೆ ನೋಡಿದಾಗ ಕಾರ್ಮೆಲಳ ದನಿ ನನ್ನ ಕಿವಿಯಲ್ಲಿ ಎದ್ದು ನಿಂತಿತು.

ಟಾರ್ಪಿ ಗೆದ್ದ. ಮರುವರ್ಷದ ಬೇಸಿಗೆಯಲ್ಲಿ ನಮ್ಮೂರಿನ ವಾರ್ಡಿಗೆ ಬೀಗ ಬಿತ್ತು. ಡ್ರಮ್‌ರೀಗೂ ಏನೂ ಬರಲಿಲ್ಲ. ಎಲ್ಲವೂ ನಲವತ್ತು ಮೈಲಿ ದೂರದ ಪಟ್ಟಣಕ್ಕೆ ಹೋಯಿತು. ಟಾರ್ಪಿ ನಮ್ಮಲ್ಲಿಗೆ ಬಂದು ಹೇಳಿದ: ಡ್ರಮ್‌ರೀಯವರು ತಮಗೇ ಬೇಕೆಂದು ಹಟ ಹಿಡಿದರು, ಜಗಳ ನೋಡಿ ಸರ್ಕಾರ ಎರಡೂ ಊರಿಗೆ ಇಲ್ಲವೆಂದಿತು. ಡ್ರಮ್‌ರೀಗೆ ಹೋಗಿ ನಮ್ಮ ಬಗ್ಗೆ ಇದನ್ನೇ ಹೇಳಿರಬೇಕು ಅಂತ ಈಗ ಅನ್ನಿಸುತ್ತಿದೆ. ಒಂದೇ ಕ್ಷೇತ್ರದಲ್ಲಿ, ಒಂಬತ್ತು ಮೈಲಿ ಅಂತರದ ಎರಡು ಊರು. ಅವರ ಸಂತೆ ಬೇರೆ, ಚರ್ಚು ಬೇರೆ. ಫುಟ್‌ಬಾಲ್ ಮೈದಾನದಲ್ಲಿ ನಮ್ಮ ಹುಡುಗರು ಇವತ್ತಿಗೂ ಅವರನ್ನು 'ವಾರ್ಡುಗಳ್ಳರು' ಎಂದು ಕೂಗುತ್ತಾರೆ. ಕೂಗುವ ಹುಡುಗರ ಅಪ್ಪಂದಿರೇ ಆಗ ಹುಟ್ಟಿರಲಿಲ್ಲ.

ಕಾರ್ಮೆಲ್ ಡ್ರಮ್‌ರೀಯ ಹುಡುಗಿ. ಎಂಬತ್ತನಾಲ್ಕರ ಜನವರಿಯಲ್ಲಿ ಅವಳಿಗೆ ನೋವು ಬಂದಾಗ ಹಿಮ ಬಿದ್ದಿತ್ತು. ಪಟ್ಟಣದ ದಾರಿ ಇನ್ನೂ ಅರ್ಧ ಬಾಕಿ ಇರುವಾಗಲೇ, ಆಂಬುಲೆನ್ಸಿನಲ್ಲಿ, ಮಗು ಹುಟ್ಟಿತು. ಜೊತೆಗಿದ್ದ ನರ್ಸು ಬಾಟಲಿಯ ನೀರಿನಿಂದ ದೀಕ್ಷಾಸ್ನಾನ ಕೊಟ್ಟಳು. ಜಾರ್ಲತ್ ಎಂದು ಹೆಸರಿಟ್ಟರು. ನಲವತ್ತು ನಿಮಿಷ ಬದುಕಿದ್ದ.

ಮಣ್ಣು ಮಾಡುವಾಗ ಟಾರ್ಪಿ ಬಂದಿದ್ದ. ನಮ್ಮಲ್ಲಿ ರಾಜಕಾರಣಿಗಳು ಬರುತ್ತಾರೆ. ಯಾರ ಹೆಣವನ್ನೂ ತಪ್ಪಿಸುವುದಿಲ್ಲ. ಕಪ್ಪು ಕೋಟು ಹಾಕಿಕೊಂಡು, ಫಿಂಟನ್‌ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: "ಡ್ರಮ್‌ರೀಯವರು ಅಷ್ಟೊಂದು ಆಸೆಬುರುಕರಾಗದೆ ಇದ್ದಿದ್ರೆ ನಿನ್ನ ಮಗ ಇವತ್ತು ತೊಟ್ಟಿಲಲ್ಲಿ ಇರ್ತಿದ್ದ, ಫಿಂಟನ್." ಕಾರ್ಮೆಲ್ ಪಕ್ಕದಲ್ಲೇ ನಿಂತಿದ್ದಳು. ಎದೆಹಾಲು ಅವಳ ರವಿಕೆಯನ್ನು ತೋಯಿಸುತ್ತಿತ್ತು.

ಅವತ್ತು ಮಧ್ಯಾಹ್ನ ಈ ಮೇಜಿನ ಮುಂದೆಯೇ ಫಿಂಟನ್ ಅವಳಿಗೆ ಹೇಳಿದ: "ನಿನ್ನೂರಿನವರೇ ತಿಂದ್ರು ನನ್ನ ಮಗನ್ನ."

ಕಾರ್ಮೆಲ್ ಹೇಳಿದಳು: "ನಮ್ಮೂರಿಗೂ ಅದೇ ವಾರ್ಡು ಕೊಡ್ತೀನಿ ಅಂತ ಅಚ್ಚು ಹಾಕಿಸಿ ಕಳಿಸಿದ್ದ ಅವನು. ನಮ್ಮಣ್ಣ ಓದಿ ಹೇಳಿದ್ದ."

"ತೋರಿಸು."

"ಅಣ್ಣ ಅದರಲ್ಲೇ ಒಲೆ ಹಚ್ಚಿಬಿಟ್ಟಿದ್ದಾನೆ."

"ತೋರಿಸು ಅಂದೆ."

ನಮ್ಮಪ್ಪ ಮೇಜಿನ ತಲೆಯಲ್ಲಿ ಕೂತು, ಇವಳು ತನ್ನ ಊರಿನವರನ್ನ ಬಿಟ್ಟುಕೊಡಲ್ಲ ನೋಡು ಎಂದ. ನಾನು ರೊಟ್ಟಿ ಕೊಯ್ಯುತ್ತಿದ್ದೆ. ಕೊಯ್ಯುತ್ತಲೇ ಇದ್ದೆ. ಅವಳು ನನ್ನ ಕಡೆ ನೋಡಿದಳು. ಆ ನೋಟವೂ ನನಗೆ ಬಾಯಿಪಾಠ. ಆಮೇಲೆ ಕಾರ್ಮೆಲ್ ಸಾಯುವವರೆಗೆ ಮೂವತ್ತೈದು ವರ್ಷ ಈ ಮನೆಯಲ್ಲಿ ಬಾಳಿದಳು, ಆ ಮಾತನ್ನು ಮತ್ತೆ ಎತ್ತಲಿಲ್ಲ. ಮಕ್ಕಳೂ ಆಗಲಿಲ್ಲ. ಪ್ರತಿ ಚುನಾವಣೆಯಲ್ಲೂ ಫಿಂಟನ್ ಮತಪತ್ರದಲ್ಲಿ ಟಾರ್ಪಿಯ ಹೆಸರಿನ ಮುಂದೆಯೇ ಒಂದು ಎಂದು ಬರೆದು ಮೊದಲ ಮತ ಕೊಟ್ಟ. ಮಗನ ಹೆಣಕ್ಕೆ ಬಂದು ಅತ್ತವನಲ್ಲವೇ? ಕಾಗದ ಮಾತ್ರ ಆ ಮೂವತ್ತೈದು ವರ್ಷವೂ ಅವರಿಬ್ಬರು ಮಲಗುವ ಮಂಚದ ಕೆಳಗೆ, ಡಬ್ಬಿಯೊಳಗೆ, ಅಂಟು ಬಿಡದೆ ಇತ್ತು. ಅವಳು ವಾರಕ್ಕೊಮ್ಮೆ ಆ ಡಬ್ಬಿ ಸರಿಸಿ ನೆಲ ಒರೆಸುತ್ತಿದ್ದಳು.

ಫಿಂಟನ್ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಿಗೂ ಬೆರಳಿಟ್ಟು ಓದಿದ. ಆಮೇಲೆ ಕೋಲೂರಿಕೊಂಡು ಹಿತ್ತಲಿಗೆ ಹೋದ. ಅವನ ಸೊಂಟದ ಕೀಲು ಸವೆದಿದೆ; ಶಸ್ತ್ರಚಿಕಿತ್ಸೆಯ ಸರದಿಗಾಗಿ ಹತ್ತೊಂಬತ್ತು ತಿಂಗಳಿಂದ ಕಾಯುತ್ತಿದ್ದಾನೆ. ಗೋಡೆ ಹಿಡಿದು ನಿಂತಿದ್ದ. ನಾನು ಹೋಗಿ ಕರೆಯಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಟಾರ್ಪಿಯ ಮೇಲೆ ಬಂತು, ಫಿಂಟನ್ ಮೇಲೆ ಬಂತು, ರೊಟ್ಟಿ ಕೊಯ್ಯುತ್ತಿದ್ದವಳ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಜಪಸರ ಹಿಡಿದೆ. ಹತ್ತು ಮಣಿ ದಾಟಲಿಲ್ಲ.

ಗುರುವಾರ ನಾನೇ ಎರಡೂ ಹಾಳೆ ತೆಗೆದುಕೊಂಡು ಗ್ರಂಥಾಲಯಕ್ಕೆ ಹೋದೆ. ಎಮರ್ ಓದಿದಳು, ಇನ್ನೊಮ್ಮೆ ಓದಿದಳು.

"ಇದನ್ನ ಎಲ್ಲಿಡೋದು, ಡಿಂಪ್ನಾ?"

"ನಡುವಿನ ಪೆಟ್ಟಿಗೇಲಿ. ಅಕ್ಕಪಕ್ಕ. ಆ ಫಲಕದ ಕೆಳಗೇ."

ಅವಳು ತುಟಿ ಕಚ್ಚಿದಳು. "ಸಂಗ್ರಹ ಫಿಂಟನ್‌ದು. ಅವರು ಇಡಿ ಅಂದ್ರೆ ಇಡ್ತೀನಿ, ತೆಗಿ ಅಂದ್ರೆ ತೆಗೀತೀನಿ. ಆದ್ರೆ ಮೇಲಿನವರಿಗೆ ಒಂದು ಮಾತು ತಿಳಿಸ್ಬೇಕಾಗತ್ತೆ ನಾನು. ಬುಧವಾರದೊಳಗೆ ಹೇಳಿ." ಹಾಳೆಗಳನ್ನು ನನ್ನ ಕೈಗೇ ವಾಪಸು ಕೊಟ್ಟಳು. ಮೇಲಿನವರಿಗೆ ತಿಳಿಸಿದ ಮಾತು ಎಷ್ಟು ಬೇಗ ಎಲ್ಲೆಲ್ಲಿಗೆ ಹೋಗುತ್ತದೆಂದು ನಮ್ಮೂರಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಶನಿವಾರ ಬಾಗಿಲ ಕೆಳಗಿನಿಂದ ಒಂದು ಕಾರ್ಡು ಒಳಗೆ ಸರಿಯಿತು. 'ಬಂದಿದ್ದೆ. ನೀವು ಮನೆಯಲ್ಲಿರಲಿಲ್ಲ. ಕ್ಷಮಿಸಿ. — ಊನಾ.' ಸಹಿಯೂ ಅಚ್ಚಿನದೇ. ಫಿಂಟನ್ ಬಾಗಿಲಿಂದ ಆರು ಅಡಿ ದೂರದ ಕಿಟಕಿಯ ಬಳಿ ಕೂತಿದ್ದ.

"ನಾನು ಮನೇಲಿಲ್ವಂತೆ, ಡಿಂಪ್ನಾ," ಎಂದ. "ಎಲ್ಲಿಗೆ ಹೋಗಿದ್ದೀನಿ, ಸ್ವಲ್ಪ ನೋಡು." ಮೂಲೆಯಲ್ಲಿ ತಾರೀಖು ಬರೆದು ಡಬ್ಬಿಗೆ ಹಾಕಿದ. ಆ ಹಾಳೆ ಸಿಕ್ಕಮೇಲೆ ಅವನು ಆಡಿದ ಮೊದಲ ನಗೆಯ ಮಾತು ಅದು.

ಭಾನುವಾರ ಬಲಿಪೂಜೆ ಮುಗಿಸಿ ಬಂದು ನಾನಿನ್ನೂ ಕೋಟು ಕಳಚಿರಲಿಲ್ಲ, ಊನಾ ಟಾರ್ಪಿಯೇ ಬಂದಳು. ಈ ಸಲ ಬಾಗಿಲು ತಟ್ಟಿದಳು.

"ಮನೇಲಿರೋರಿಗೆಲ್ಲ ದೇವರ ಆಶೀರ್ವಾದ!" ಅವಳಪ್ಪನದೇ ದನಿ. ಕೈಯಲ್ಲಿ ಸೇಬಿನ ಟಾರ್ಟು. "ಅಮ್ಮ ಮಾಡಿದ್ದು. ಫಿಂಟನ್, ಏಳ್ಬೇಡಿ, ಏಳ್ಬೇಡಿ. ಸೊಂಟ ಹೇಗಿದೆ?"

"ನಡೆಯುವಾಗ ನೋಯತ್ತೆ. ಕೂತಾಗ ನೆನಪಾಗತ್ತೆ."

ಅವಳು ಗಟ್ಟಿಯಾಗಿ ನಕ್ಕು ಅಪ್ಪಣೆ ಕೇಳದೆ ಕೂತಳು, ಕಾರ್ಮೆಲಳ ಕುರ್ಚಿಯಲ್ಲಿ. ನಾನು ಚಹಾ ಮಾಡಿದೆ. ಮನೆಗೆ ಬಂದವರಿಗೆ ಚಹಾ ಕೊಡದೆ ಇರುವಷ್ಟು ಕೆಟ್ಟವಳಲ್ಲ ನಾನು. ಟಾರ್ಟನ್ನು ಮಾತ್ರ ಕೊಯ್ಯಲಿಲ್ಲ. ಅವಳು ತನ್ನ ಹೊಸ ಕರಪತ್ರ ಕೊಟ್ಟಳು. ಫಿಂಟನ್ ಕಿವಿಯ ಮೇಲಿನ ಪೆನ್ಸಿಲು ತೆಗೆದು ತಾರೀಖು ಹಾಕಿದ.

"ಅಯ್ಯೋ, ನಾನೂ ಡಬ್ಬಿ ಸೇರಿದ್ನಾ?"

"ಎಲ್ಲರೂ ಸೇರ್ತಾರೆ," ಎಂದ ಅವನು.

ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನೋಡಿ, ಸುತ್ತಿ ಬಳಸಿ ಮಾತಾಡೋಳಲ್ಲ ನಾನು. ಡ್ರಮ್‌ರೀ ಹಾಳೆ ಸಿಕ್ಕಿದೆ ಅಂತ ಕೇಳ್ಪಟ್ಟೆ. ಅದು ನಿಜವಾದದ್ದೇ ಅಂತ ನನಗೆ ಗೊತ್ತು, ಸುಳ್ಳು ಅನ್ನಲ್ಲ. ಆಗ ಎಲ್ಲರೂ ಹಾಗೇ ಮಾಡ್ತಿದ್ರು. ಈ ತುದಿಗೊಂದು, ಆ ತುದಿಗೊಂದು. ಅಚ್ಚಿನವನು ಒಂದು ಸಾಲು ಬದಲಾಯಿಸ್ತಿದ್ದ, ಅಷ್ಟೇ."

"ಅಷ್ಟೇ," ಎಂದೆ ನಾನು.

ಅವಳು ನನ್ನ ಕಡೆ ತಿರುಗಲಿಲ್ಲ. ನಮ್ಮ ಮನೆಗೆ ಬರುವವರು ಯಾರೂ ನನ್ನ ಕಡೆ ತಿರುಗಿ ಮಾತಾಡುವುದಿಲ್ಲ. ನಾನು ಕೇಳಿಸಿಕೊಳ್ಳುವವಳು, ಅಷ್ಟೇ. "ಅದನ್ನ ಎತ್ತಿಡಿ ಅಂತಷ್ಟೇ ಕೇಳ್ತಿರೋದು, ಫಿಂಟನ್. ಮೂರು ವಾರ. ಮತ ಎಣಿಸಿ ಮುಗಿದ್ಮೇಲೆ ಊರ ಬಾಗಿಲಿಗೇ ಅಂಟಿಸಿ, ಬೇಡ ಅನ್ನಲ್ಲ. ಈಗ ಇಟ್ರೆ ಆ ಕಡೆಯವರು ಫೋಟೋ ತೆಗೆದು ಮನೆಮನೆಗೆ ಹಂಚ್ತಾರೆ. ಸತ್ತ ಮನುಷ್ಯ, ಎದ್ದು ಬಂದು ಉತ್ತರ ಕೊಡೋಕಾಗಲ್ಲ."

"ಬದುಕಿದ್ದಾಗ ಕೊಟ್ನಾ?" ಎಂದೆ.

"ಡಿಂಪ್ನಾ," ಎಂದ ಫಿಂಟನ್, ಮೆಲ್ಲಗೆ. ಅವನು ತಲೆ ತಗ್ಗಿಸಿದ್ದ. ಅವನ ಮನಸ್ಸಿನಲ್ಲಿದ್ದುದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಹೇಳಿದ್ದ. "ಅದನ್ನ ಗಾಜಿನೊಳಗೆ ಇಟ್ರೆ ಊರೆಲ್ಲ ಕೇಳತ್ತೆ, ಈ ಲಕೋಟೆ ಯಾರ ಮಂಚದ ಕೆಳಗಿತ್ತು ಅಂತ. ನಾನು ಕಾರ್ಮೆಲ್‌ಗೆ ಏನಂದಿದ್ದೆ ಅಂತ ಡ್ರಮ್‌ರೀಲಿ ಅವಳಣ್ಣನಿಗೆ ಗೊತ್ತು. ಹೇಗೆ ಮುಖ ತೋರಿಸ್ಲಿ?" ಎಂದಿದ್ದ. ನನ್ನ ಮುಖದ ಗತಿಯೂ ಅದೇ.

ಊನಾ ಆ ತಗ್ಗಿದ ತಲೆ ನೋಡಿದಳು. ಅವರ ಮನೆಯವರಿಗೆ ತಗ್ಗಿದ ತಲೆಯ ಬೆಲೆ ತಿಳಿಯುತ್ತದೆ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹತ್ತೊಂಬತ್ತು ತಿಂಗಳು ಕಾಯಿಸ್ತಿದ್ದಾರಂತಲ್ಲ ನಿಮ್ಮನ್ನ. ಇದು ಅನ್ಯಾಯ. ನಾನು ನಾಳೆ ಬೆಳಿಗ್ಗೆ ಒಂದು ಫೋನ್ ಮಾಡ್ತೀನಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಆಯ್ತಾ? ಆದ್ರೂ ಮಾಡ್ತೀನಿ. ಕ್ರಿಸ್‌ಮಸ್‌ಗೆ ಕೋಲಿಲ್ಲದೆ ಚರ್ಚಿಗೆ ನಡೀತೀರಿ."

ಸಂಬಂಧ ಇಲ್ಲವಂತೆ! ನಾನು ಅವಳ ಮುಂದಿನ ತಟ್ಟೆ ಎತ್ತಿಕೊಂಡೆ. ಅವಳು ಮುಂದುವರಿಸಿದಳು: "ಅಪ್ಪ ನಿಮ್ಮನ್ನ ಎಂದೂ ಮರೀಲಿಲ್ಲ, ಫಿಂಟನ್. ನಿಮ್ಮ ಮಗುವಿನ ಹೆಣ ಎತ್ತಿದ ದಿನ ನೆನೆಸ್ಕೊಂಡು ಅಳ್ತಿದ್ರು. ಆ ಪುಟ್ಟ ಬಿಳಿ ಪೆಟ್ಟಿಗೆ ಕಣ್ಣಿಂದ ಹೋಗಲ್ಲ ಅಂತಿದ್ರು."

ನಾನು ತಟ್ಟೆ ಕೆಳಗಿಟ್ಟೆ.

"ಊನಾ," ಎಂದೆ. "ನೀನು ಆಗ ತೊಟ್ಟಿಲ ಕೂಸು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇರಲಿಲ್ಲ, ನೀನು ಆ ಪೆಟ್ಟಿಗೆ ಹೆಸರು ಎತ್ತೋವರೆಗೆ. ನಿಮ್ಮಪ್ಪ ಆ ಪೆಟ್ಟಿಗೆ ಪಕ್ಕ ನಿಂತು ಏನಂದ ಗೊತ್ತಾ? ನಾನು ಒಂದಕ್ಷರ ಬಿಡದೆ ಹೇಳ್ತೀನಿ ಕೇಳು." ಹೇಳಿದೆ. ಅವನ ದನಿಯಲ್ಲೇ ಬಂತು. "ಹೀಗಂದಾಗ ಮಗುವಿನ ತಾಯಿ ಪಕ್ಕದಲ್ಲಿದ್ಳು. ಡ್ರಮ್‌ರೀಯವಳು. ಡ್ರಮ್‌ರೀಗೆ ತಾನೇ ಅಚ್ಚು ಹಾಕಿಸಿ ಕಳಿಸಿದ್ದನ್ನ ಆ ಮನುಷ್ಯ ಮರೆತಿರಲಿಲ್ಲ. ಹದಿನಾಲ್ಕು ತಿಂಗಳಾಗಿತ್ತು, ಅಷ್ಟೇ. ಗೊತ್ತಿದ್ದೇ ಹೇಳ್ದ. ಆಮೇಲೆ ಇದೇ ಮೇಜಿನ ಮುಂದೆ ಅವಳು ನಿಜ ಹೇಳಿದ್ಳು. ನಾವು ಮೂರು ಜನ ಅವಳನ್ನ ಸುಳ್ಳುಗಾತಿ ಮಾಡಿದ್ವಿ. ಒಬ್ಬ ಅಂದ, ಒಬ್ಬ ಅದಕ್ಕೆ ದನಿಗೂಡಿಸ್ದ. ನಾನು ರೊಟ್ಟಿ ಕೊಯ್ದೆ. ನೀನು ಕೂತಿರೋದು ಅವಳ ಕುರ್ಚಿ. ಮೂವತ್ತೈದು ವರ್ಷ ಅಲ್ಲಿ ಕೂತು ಬಾಯಿ ಮುಚ್ಕೊಂಡು ಊಟ ಮಾಡಿ ಹೋದ್ಳು. ಇನ್ನು ಮೂರು ವಾರ ಮುಚ್ಕೊಂಡಿರ್ಲಿ ಅಂತೀಯಾ?"

ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಆ ಅಡುಗೆಮನೆ ಎಂದೂ ಕೇಳಿರಲಿಲ್ಲ. ಊನಾಳ ಮುಖ ಕೆಂಪಾಯಿತು. ಅವಳು ಕುರ್ಚಿಯಿಂದ ಎದ್ದಳು. ಅಷ್ಟರಮಟ್ಟಿಗೆ ಅವಳಿಗೆ ಮಾನವಿತ್ತು.

"ನನಗೆ ಇದು ಗೊತ್ತಿರಲಿಲ್ಲ," ಎಂದಳು. ನಿಜವೇ ಇರಬೇಕು. ಆಮೇಲೆ, ಅವರ ಮನೆತನದ ರಕ್ತ ನೋಡಿ, ಮತ್ತೆ ಫಿಂಟನ್ ಕಡೆಗೇ ತಿರುಗಿದಳು. "ಸರಿ. ತೆಗೀಬೇಡಿ. ಇಡಿ. ಆದ್ರೆ ಮಡಚಿಡಿ. ಫೋಟೋ, ಸಹಿ ಕಂಡ್ರೆ ಸಾಕು. ನಡುವಿನ ಸಾಲು ಮಡಿಕೆ ಒಳಗೆ ಹೋಗತ್ತೆ. ಸುಳ್ಳು ಹೇಳಿದ ಹಾಗೂ ಆಗಲ್ಲ, ಯಾರಿಗೂ ನೋವೂ ಆಗಲ್ಲ. ನಿಮಗೂ ಅದೇ ಒಳ್ಳೇದು, ಫಿಂಟನ್. ನಿಮ್ಮ ಮನೆ ಮಾತು ಊರ ಬಾಯಿಗೆ ಯಾಕೆ ಬೀಳ್ಬೇಕು? ಇಲ್ಲಾಂದ್ರೆ ನನ್ನ ಕೈಗೇ ಕೊಡಿ, ನಾನೇ ಜೋಪಾನವಾಗಿ ಇಟ್ಟಿರ್ತೀನಿ."

ಲಕೋಟೆ ಮೇಜಿನ ಮೇಲಿತ್ತು, ಹಾಳೆ ಅದರ ಕೆಳಗಿತ್ತು. ಫಿಂಟನ್ ಕೈ ಚಾಚಿದ. ಕೊಟ್ಟೇಬಿಡುತ್ತಾನೆ ಎಂದುಕೊಂಡೆ. ಹತ್ತೊಂಬತ್ತು ತಿಂಗಳ ನೋವು, ಊರ ಬಾಯಿ, ಎಪ್ಪತ್ತೊಂದರ ವಯಸ್ಸು. ಕೊಟ್ಟರೆ ಅವನನ್ನು ಬೈಯಲು ನನಗೆ ಯಾವ ಹಕ್ಕಿದೆ? ಏಪ್ರನ್ನಿನ ಜೇಬಿನಲ್ಲಿ ನನ್ನ ಬೆರಳು ಜಪಸರವನ್ನು ಹುಡುಕಿತು.

ಅವನು ಲಕೋಟೆ ಎತ್ತಿಕೊಂಡ. ಕನ್ನಡಕ ಮೇಲೆ ಸರಿಸಿ, ಕಣ್ಣಿಗೆ ಹತ್ತಿರ ಹಿಡಿದು, ಮನೆಬಾಗಿಲಲ್ಲಿ ನಿಂತು ಓದುವ ಹಾಗೆ ಓದಿದ: "ಮಿಸೆಸ್ ಹೊನೋರಾ ಗಿಲ್‌ರಾಯ್, ಡ್ರಮ್‌ರೀ." ಆಮೇಲೆ ಊನಾಳತ್ತ ನೋಡಿದ. "ಮೂವತ್ತೆಂಟು ವರ್ಷ ಅಂಚೆ ಹಂಚಿದೀನಿ, ಮಗೂ. ಹಿಮದಲ್ಲಿ ಹಂಚಿದೀನಿ, ನಾಯಿ ಕಚ್ಚಿದ ಕಾಲಲ್ಲಿ ಹಂಚಿದೀನಿ. ಒಂದು ಕಾಗದವೂ ತಪ್ಪು ಕೈಗೆ ಹೋಗಿಲ್ಲ. ಸುಡೋ ಚೀಲದ್ದು ಬಿಟ್ರೆ, ತಲುಪಿಸದೆ ಇಟ್ಕೊಂಡಿದ್ದು ಇದೊಂದೇ. ನನ್ನ ಹೆಂಡತಿ ಕೈಗೆ ಕೊಡು ಅಂತ ಕೊಟ್ಟಿದ್ದನ್ನ ಡಬ್ಬಿಗೆ ಹಾಕಿ, ಅದರ ಮೇಲೇ ಮಲಗಿ, ಅವಳಿಗೇ 'ತೋರಿಸು' ಅಂದೆ."

"ಫಿಂಟನ್, ನಾನು ಹೇಳೋದು ಸ್ವಲ್ಪ—"

"ಇದರ ಬಟವಾಡೆ ಬಾಕಿ ಇದೆ. ಕ್ಲೂನ್‌ಕಾರಾದಲ್ಲೂ ಇದೆ, ಡ್ರಮ್‌ರೀಲೂ ಇದೆ. ಅವಳಣ್ಣನಿಗೆ ಮೊದಲು ನಾನೇ ಹೋಗಿ ಓದಿ ಹೇಳ್ತೀನಿ, ಈ ಕಾಲಲ್ಲೇ. ಫೋನ್ ಗೀನ್ ಏನೂ ಬೇಡ."

ಅವಳು ಮೇಜಿನ ಮೇಲೆ ಕೈ ಚಾಚಿದಳು, ಅಂಗೈ ಮೇಲಾಗಿ. ಅವಳಪ್ಪ ಗೋರಿಯ ಬಳಿ ಚಾಚಿದ್ದೂ ಹಾಗೆಯೇ. "ದಯವಿಟ್ಟು," ಎಂದಳು. "ಮಡಚಿಯಾದ್ರೂ ಇಡಿ. ಅದಷ್ಟೇ ಕೇಳ್ತೀನಿ."

ಫಿಂಟನ್ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಹಳೆಯ ಮಡಿಕೆಯ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಚಪ್ಪಟೆ ಮಾಡಿದ.

"ಇಲ್ಲ," ಎಂದ. "ಕೊಡಲ್ಲ. ಮಡಚೋದೂ ಇಲ್ಲ."